ಕೆರೆ ಏರಿ ಬುಡದಲ್ಲಿ ನೀರು ಜಿನುಗ್ತಿದೆ. ಸಿಮೆಂಟ್ ಹಾಕಿಸೋದಾ, ಜೇಡಿಮಣ್ಣಾ?

ಎರಡೂ ಬೇಡ. ನಮ್ಮ ಲೇಔಟ್ ಹಿಂದಿನ ಏರಿಗೆ ಜೇಡಿಮಣ್ಣು ಹಾಕಿಸಿದವನು ನಾನೇ. ಎರಡು ಟ್ರ್ಯಾಕ್ಟರ್ ಲೋಡು, ದಮ್ಮಸು ಹೊಡೆಸಿ. ನಾಲ್ಕು ದಿನ ಒಣಗಿತ್ತು. ಐದನೇ ದಿನ ಇಪ್ಪತ್ತು ಅಡಿ ಆಚೆ, ಕಾಂಪೌಂಡ್ ಪಾಯದ ಪಕ್ಕ ನೀರೆದ್ದಿತು, ಟೀ ಬಣ್ಣದಲ್ಲಿ.

ಮಣ್ಣಿನ ಏರಿ ಅಂದಮೇಲೆ ಒಂದಿಷ್ಟು ಜಿನುಗೇ ಜಿನುಗುತ್ತೆ. ಆ ಬಾಯಿ ಮುಚ್ಚಿದರೆ ನೀರು ನಿಲ್ಲಲ್ಲ, ಏರಿಯೊಳಗೆ ಅದರ ಮಟ್ಟ ಏರುತ್ತೆ. ಹೊರ ಇಳಿಜಾರು ನೆನೆದು ಕುಸಿಯಬಹುದು. ಇಲ್ಲಾ ಕೊಳೆತ ಬೇರಿನ ತೂತು, ಇಲಿ ಬಿಲ, ತೂಬಿನ (ಏರಿಯೊಳಗಿಂದ ನೀರು ಬಿಡೋ ಕಿಂಡಿ) ಪಕ್ಕದ ಸಡಿಲ ಮಣ್ಣು, ಎಲ್ಲಿ ದಾರಿ ಸಿಕ್ಕರೆ ಅಲ್ಲಿ ಮಣ್ಣು ಕೊಚ್ಚಿಕೊಂಡು ಬರುತ್ತೆ. ಕೊರೆತ ಹೊರಬಾಯಲ್ಲಿ ಶುರುವಾಗಿ ಕೆರೆ ಕಡೆಗೆ ಹಿಂದಕ್ಕೆ ಸಾಗುತ್ತೆ. ಕೆರೆ ಮುಟ್ಟಿತೋ, ಆಮೇಲೆ ಗಂಟೆಗಳ ಲೆಕ್ಕ. ಅಮೆರಿಕದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಹೀಗೇ ಹೋಯಿತು: ಬೆಳಿಗ್ಗೆ ಕೆಸರು ನೀರು ಕಂಡಿತು, ಮಧ್ಯಾಹ್ನದೊಳಗೆ ಒಡೆದಿತ್ತು. ಜೇಡಿಮಣ್ಣಿಗೆ ಜಾಗ ನೀರಿನ ಕಡೆ, ಇಲ್ಲವೇ ಏರಿಯ ಹೊಟ್ಟೆಯೊಳಗೆ. ಒಣ ಕಡೆ ಅಲ್ಲವೇ ಅಲ್ಲ.

ಹೊರಗಡೆ ಬೇಕಾಗಿರೋದು ನೀರು ಬಿಟ್ಟು ಮಣ್ಣು ಹಿಡಿಯೋ ಸೋಸು ಪದರ. ನಾವು ತೂಬು ಎತ್ತಿಸಿ, ನೀರು ಮೂರಡಿ ಇಳಿಸಿ, ಆ ಜೇಡಿಮಣ್ಣು ಬಗೆಸಿ ಹಾಕಿಸಿದ್ದು ಇದನ್ನೇ: ಕೆಳಗೆ ಒಂದಡಿ ಮರಳು, ಮೇಲೆ ಅರ್ಧ ಅಡಿ ಬೇಬಿ ಜಲ್ಲಿ, ಅದರ ಮೇಲೆ ಅರ್ಧ ಅಡಿ 40 ಎಂಎಂ ಜಲ್ಲಿ, ಕೊನೆಗೆ ತೂಕಕ್ಕೆ ಸೈಜುಗಲ್ಲು. ಪದರ ತಿರುವುಮುರುವಾದರೆ ಹಾಕಿದ್ದೂ ದಂಡ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ತೊಳೆದದ್ದೇ ಬೇಕು, ಅದರ ಧೂಳು ಸೋಸುವಿಕೆಯನ್ನೇ ಕಟ್ಟಿಹಾಕುತ್ತೆ. ಹಾಗಂತ ನೀವೇ ಗುದ್ದಲಿ ಹಿಡಿಯಬೇಡಿ. ಏರಿ ಅಸೋಸಿಯೇಷನ್ ಆಸ್ತಿ ಅಲ್ಲ. ಕೆರೆ ವಿಭಾಗದ ಇಂಜಿನಿಯರನ್ನು ಕರೆಸಿ, ಬರೋ ತನಕ ಅರ್ಜಿ ಮೇಲೆ ಅರ್ಜಿ ಹಾಕಿ.

ಅಲ್ಲಿವರೆಗೆ ಎರಡೇ ಕೆಲಸ. ಜಿನುಗು ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡಿ, ತಳದಲ್ಲಿ ಮಣ್ಣು ಕೂತಿತಾ ನೋಡಿ. ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ದಿನಾ ಬರೆದಿಡಿ, ಪಕ್ಕದಲ್ಲೇ ಕೆರೆ ಮಟ್ಟ. ಮಳೆ ಇಲ್ಲದೆ, ಕೆರೆ ಏರದೆ ಬಕೆಟ್ ಬೇಗ ತುಂಬತೊಡಗಿದರೆ ಒಳಗೆ ಕೊರೆತ ನಡೆದಿದೆ.

ಕೋಡಿಯನ್ನೂ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗೋ ಜಾಗವನ್ನೂ, ಒಮ್ಮೆ ನೋಡಿ ಬನ್ನಿ. ಬೆಂಗಳೂರಲ್ಲಿ ಎಷ್ಟೋ ಕೋಡಿಗಳ ಬಾಯಲ್ಲಿ ಅಂತರಗಂಗೆ ಕಳೆ, ಪ್ಲಾಸ್ಟಿಕ್ಕು. ಕೋಡಿ ಕಟ್ಟಿಕೊಂಡು ನೀರು ಏರಿಯ ಮೇಲಿಂದ ಉಕ್ಕಿದರೆ ಮಣ್ಣು ತಡೆಯಲ್ಲ. ಏರಿ ಒಡೆದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ, 2019ರ ನವೆಂಬರ್ 24ಕ್ಕೆ ಹುಳಿಮಾವಲ್ಲಿ ನೂರಾರು ಮನೆಗೆ ನೀರು ನುಗ್ಗಿತ್ತು.

ಬಾಟಲಿ ತಳದಲ್ಲಿ ಮಣ್ಣು ಕಂಡರೆ ಅರ್ಜಿ, ಇಂಜಿನಿಯರ್ ಅಂತ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ ಮೇಲಕ್ಕೆ ಕಳಿಸಿ. ಬುಗ್ಗೆಯ ಸುತ್ತ ಮರಳು ಮೂಟೆ ಜೋಡಿಸೋದು ಗೊತ್ತಿದ್ದವರ ಕೆಲಸ: ನೀರು ತಿಳಿಯಾಗೋವಷ್ಟೇ ಎತ್ತರ, ಪೂರ್ತಿ ನಿಲ್ಲೋವಷ್ಟಲ್ಲ.