ಕೆರೆ ಊರಿನದೋ, ಇಲಾಖೆಯದೋ?

ಪ್ರಶ್ನೆ: ಮನೆಗಿಷ್ಟು ಅಂತ ದುಡ್ಡು ಎತ್ತಿ, ಜೆಸಿಬಿ ತರಿಸಿ ನಮ್ಮೂರ ಕೆರೆಯ ಹೂಳು ತೆಗೆಸುತ್ತಿದ್ದೆವು. ಎರಡನೇ ದಿನ ಇಲಾಖೆಯವರು ಜೀಪಲ್ಲಿ ಬಂದು ಅನುಮತಿ ಎಲ್ಲಿ ಅಂತ ನಿಲ್ಲಿಸಿದರು. ಅಜ್ಜಂದಿರು ಕಟ್ಟಿದ ಕೆರೆಗೆ ನಾವು ಯಾರನ್ನು ಕೇಳಬೇಕು?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಕಾಗದದ ಪ್ರಕಾರ ಕೇಳಲೇಬೇಕು ಸ್ವಾಮಿ. 1964ರ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಓದಿ, ಖಾಸಗಿಯಲ್ಲದ ಕೆರೆ, ಹಳ್ಳ ಎಲ್ಲ ಸರ್ಕಾರದ ಸ್ವತ್ತು. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಪಂಚಾಯತಿ ಕಡೆ ಹೋಗಿ, ಜಾಸ್ತಿಯಿದ್ದರೆ ಸಣ್ಣ ನೀರಾವರಿ ಇಲಾಖೆ. ಒತ್ತುವರಿ ಅಳೆಯಲು ಕಂದಾಯದವರು, ಮೀನಿಗೆ ಇನ್ನೊಬ್ಬರು. ಅಷ್ಟೂ ಮೇಜು ಸುತ್ತುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ.

ಹಿಂದೆ ನಿಮ್ಮ ಕಡೆಯೇ ದಾಮಾಶಾ ಅಂತ ಒಂದು ಪದ್ಧತಿ ಇತ್ತು, ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಮಳೆ ಕೈಕೊಟ್ಟು ಕೆರೆ ಅರ್ಧವೇ ತುಂಬಿದ ವರ್ಷ ಕೆರೆಯಿಂದ ನೀರು ಬಿಡುವ ತೂಬಿನ ಹತ್ತಿರದ ಗದ್ದೆಗಳಲ್ಲಷ್ಟೇ ಬೆಳೆ, ಆದರೆ ಆ ಗದ್ದೆಗಳನ್ನೇ ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ಹಂಚುತ್ತಿದ್ದರು. ಅಂದರೆ ಕೆರೆ ಬುಡದಲ್ಲಿ ಗದ್ದೆ ಇರುವವನು ಆ ಒಂದು ಬೆಳೆಗೆ ತನ್ನ ನೆಲವನ್ನು ಕೊನೇ ಗದ್ದೆಯವನಿಗೂ ಬಿಟ್ಟುಕೊಡಬೇಕು. ಇದನ್ನು ಯಾವ ಇಂಜಿನಿಯರ್ ಆದೇಶ ಹೊರಡಿಸಿ ಮಾಡಿಸಬಲ್ಲ ಹೇಳಿ?

ಹಾಗಂತ ಅಜ್ಜಂದಿರ ಕಾಲ ಅಂತ ತೀರಾ ಕರಗಬೇಡಿ. ತೂಬಿಗಿಳಿದು ಬಿರಡೆ ಎತ್ತಿ, ರಾತ್ರಿಯೆಲ್ಲ ಕಾಲುವೆ ಕಾದು ಎಲ್ಲರ ಗದ್ದೆಗೂ ನೀರು ಕಟ್ಟುತ್ತಿದ್ದ ನೀರುಗಂಟಿ ಬಹಳ ಕಡೆ ದಲಿತ. ಕೆರೆ ಪಂಚಾಯ್ತಿ ನಡೆಯುವಾಗ ಅವನು ಕಟ್ಟೆ ಕೆಳಗೆ ನಿಂತಿರುತ್ತಿದ್ದ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಆ ವಂಶಪಾರಂಪರ್ಯದ ಚಾಕರಿ ಹೋಯಿತು. ಒಳ್ಳೆಯದೇ ಆಯಿತು. ಆದರೆ ತೂಬಿನ ಹತ್ತಿರ ನಿಲ್ಲುವ ಆಳು ಎಷ್ಟೋ ಊರುಗಳಿಗೆ ಮತ್ತೆ ಬರಲೇ ಇಲ್ಲ. ಹಕ್ಕನ್ನು ಸರ್ಕಾರ ಇಟ್ಟುಕೊಂಡಿತು, ಕೆಲಸ ಹಾಗೇ ಬಿದ್ದಿತ್ತು. ನಿಮ್ಮ ಸಿಟ್ಟು ಅದರ ಮೇಲೆ ಅಲ್ವಾ?

ಈಗ ಏನು ಮಾಡುವುದು ಅಂದರೆ, ಜೀಪಿನವರ ಜೊತೆ ಸುಮ್ನೆ ಜಗಳಕ್ಕೆ ನಿಲ್ಲಬೇಡಿ. ಗ್ರಾಮಸಭೆ ಕರೆದು ನಿರ್ಣಯ ಬರೆಸಿ, ಅದರ ಪ್ರತಿ ಹಿಡಿದು ಅರ್ಜಿ ಕೊಡಿ. ಸ್ವೀಕೃತಿ ಮೊಹರು ಹಾಕಿಸದೆ ಕಚೇರಿಯಿಂದ ಏಳಬೇಡಿ.

ಕೇಳಬಾರದು ಅಂದುಕೊಂಡಿದ್ದೆ, ಆದರೂ ಕೇಳುತ್ತೇನೆ. ಮನೆಗಿಷ್ಟು ಅಂತ ಎತ್ತಿದಿರಲ್ಲ, ಹೂಳು ಗೊಬ್ಬರವಾಗಿ ಹೋಗುವುದು ಹೊಲ ಇದ್ದವರ ಹೊಲಕ್ಕೆ. ಹೊಲ ಇಲ್ಲದ ಮನೆಯವರಿಂದಲೂ ಅಷ್ಟೇ ಇಸ್ಕೊಂಡಿರಾ?