ಸಾವಿರ ರೂಪಾಯಿಯೊಳಗೆ ಹೊಸಬರು ಯಾವ ವೈನ್ ತಗೊಳ್ಳಬೇಕು?

ನೀವು ಉಡುಪಿಯವರು, ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮೀನು, ಬಜೆಟ್ ಸಾವಿರ ರೂಪಾಯಿ. ಮೊದಲ ಸಲ ತಂದ ಕೆಂಪು ವೈನ್ ಬಾಯೆಲ್ಲ ಒಗರು ಮಾಡಿತು, ಅರ್ಧ ಬಾಟಲಿ ಸಿಂಕಿಗೆ ಹೋಯಿತು ಎಂದು ಬರೆದಿದ್ದೀರಿ. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲುವಾಗ ಆಗುವ ಬೇಜಾರು ನನಗೂ ಗೊತ್ತು. ಆದರೆ ವೈನ್ ನನಗೆ ಆಗುವುದಿಲ್ಲ ಎಂದು ಈಗಲೇ ತೀರ್ಮಾನ ಮಾಡಬೇಡಿ ಮಾರಾಯ್ರೆ.

ನಮ್ಮ ಕಡೆ ಹೆಚ್ಚಿನವರು ಮೊದಲು ರುಚಿ ನೋಡುವುದು ಕ್ರಿಸ್‌ಮಸ್ ವೈನ್. ನಾನು ಮಂಗಳೂರಿನ ಬಿಜೈಯವನು. ಪಕ್ಕದ ಮನೆಯ ಆಂಟಿ ನವೆಂಬರ್‌ನಲ್ಲೇ ಭರಣಿಗೆ ದ್ರಾಕ್ಷಿ, ಸಕ್ಕರೆ, ಈಸ್ಟ್ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ಡಿಸೆಂಬರ್‌ನಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯ ಜೊತೆ ಒಂದು ಸಣ್ಣ ಬಾಟಲಿ ನಮ್ಮ ಮನೆಗೂ ಬರುತ್ತದೆ. ಶರಬತ್ತಿನ ಹಾಗೆ ಸಿಹಿ, ಮೇಲೆ ಲವಂಗದ ಘಮ. ಆ ರುಚಿ ನೆನಪಿಟ್ಟುಕೊಂಡು ಅಂಗಡಿಯ ಕೆಂಪು ವೈನ್ ಕುಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅದರಲ್ಲಿ ಸಕ್ಕರೆ ಇಲ್ಲವೆಂದೇ ಹೇಳಬೇಕು. ಹುದುಗುವಾಗ ಈಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮಾಡಿರುತ್ತದೆ. ಲೇಬಲ್ ಮೇಲೆ ‘ಡ್ರೈ’ ಎಂದು ಇದ್ದರೆ ಅದರ ಅರ್ಥ ಇಷ್ಟೇ.

ನಿಮಗೆ ಸಿಕ್ಕ ಒಗರಿಗೆ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತದೆ. ಈ ಒಗರು ನಮಗೆ ಹೊಸದೇನಲ್ಲ. ಬೇಸಗೆಯಲ್ಲಿ ಗೇರುಹಣ್ಣು ಕಚ್ಚಿದ ತಕ್ಷಣ ನಾಲಿಗೆ ದಪ್ಪಗಾಗಿ ಗಂಟಲು ಹಿಡಿಯುತ್ತದೆ ಅಲ್ವಾ, ಅದೂ ಟ್ಯಾನಿನ್ನೇ. ಉಪ್ಪು ಹಚ್ಚಿ ತಿಂದರೆ ಒಗರು ತಗ್ಗುತ್ತದೆ ಎಂದು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಕೆಂಪು ವೈನೂ ಹಾಗೆಯೇ, ಉಪ್ಪು ಮತ್ತು ಕೊಬ್ಬು ಇರುವ ಮಾಂಸದ ಜೊತೆ ಮೆತ್ತಗಾಗುತ್ತದೆ. ಮೀನಿನ ಜೊತೆ ಮಾತ್ರ ಕೆಡುತ್ತದೆ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದರೆ ಬಾಯಲ್ಲಿ ಹಸಿ ವಾಸನೆ ಉಳಿಯುತ್ತದೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿನ ಜೊತೆ ಇದು ಇನ್ನೂ ಜಾಸ್ತಿ. ನೀವು ಅವತ್ತು ಮೀನಿನ ಜೊತೆ ಕುಡಿದಿದ್ದರೆ ತಪ್ಪು ನಿಮ್ಮ ನಾಲಿಗೆಯದ್ದಲ್ಲ.

ಹಾಗಾಗಿ ಬಿಳಿ ವೈನಿನಿಂದ ಶುರು ಮಾಡಿ. ಇದರಲ್ಲಿ ಸಿಪ್ಪೆ ತೆಗೆದು ಬರೀ ರಸವನ್ನು ಹುದುಗಿಸುತ್ತಾರೆ, ಒಗರು ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಹುಳಿ. ಪುನರ್ಪುಳಿ ಸಾರು ಕುಡಿದಾಗ ಬಾಯಲ್ಲಿ ನೀರೂರುತ್ತದಲ್ಲ, ಆ ಜಾತಿಯ ಹುಳಿ. ದ್ರಾಕ್ಷಿಯಲ್ಲಿ ‘ಶೆನಾ ಬ್ಲಾಂ’ ಕೇಳಿ. ನಾಸಿಕದ ಸುಲಾ ಕಂಪನಿಯವರು ಮಾಡುವ ಶೆನಾ ಬ್ಲಾಂನಲ್ಲಿ ಸ್ವಲ್ಪ ಸಿಹಿ ಉಳಿಸಿರುತ್ತಾರೆ. ನಮ್ಮ ಊಟಕ್ಕೆ ಆ ಚೂರು ಸಿಹಿ ಬೇಕೇ ಬೇಕು. ಆಲ್ಕೋಹಾಲ್ ಮೆಣಸಿನ ಉರಿಯನ್ನು ಏರಿಸುತ್ತದೆ, ಸಿಹಿ ಇಳಿಸುತ್ತದೆ. ಮೀನಿನ ಪುಳಿಮುಂಚಿಯ ಜೊತೆ ಒಮ್ಮೆ ಕುಡಿದು ನೋಡಿ, ಗೊತ್ತಾಗುತ್ತದೆ. ಸಿಹಿ ಬೇಡ ಅನಿಸಿದ ಮೇಲೆ ‘ಸೊವಿನ್ಯೋ ಬ್ಲಾಂ’ಗೆ ಹೋಗಿ, ಕಾಣೆ ಮೀನಿನ ರವಾ ಫ್ರೈಗೆ ನಿಂಬೆ ಹಿಂಡಿದ ಹಾಗಿರುತ್ತದೆ. ನಂದಿಬೆಟ್ಟದ ಗ್ರೋವರ್, ಸೋಲಾಪುರದ ಕಡೆಯ ಫ್ರಾತೆಲ್ಲಿ ಕಂಪನಿಗಳ ವೈನ್ ಕೂಡ ನೋಡಬಹುದು.

ಈ ಬಜೆಟ್ಟಿನಲ್ಲಿ ವಿದೇಶಿ ಬಾಟಲಿಗೆ ಆಸೆಪಡಬೇಡಿ. ಹೊರಗಿನ ವೈನಿಗೆ ಬಹಳ ವರ್ಷ 150 ಪರ್ಸೆಂಟ್ ಆಮದು ಸುಂಕ ಇತ್ತು. ಅಂಥ ಬಾಟಲಿಯಲ್ಲಿ ನೀವು ಕೊಡುವ ಹಣದ ದೊಡ್ಡ ಪಾಲು ದ್ರಾಕ್ಷಿಗೆ ಹೋಗುವುದೇ ಇಲ್ಲ. 375 ಎಂಎಲ್‌ನ ಅರ್ಧ ಬಾಟಲಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಒಂದೇ ದುಡ್ಡಿಗೆ ಎರಡು ಬಗೆ ನೋಡಬಹುದು.

ಬ್ರಾಂಡಿಗಿಂತ ಮುಖ್ಯವಾದದ್ದು ನಮ್ಮ ಸೆಕೆ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನಮ್ಮ ‘ವೈನ್ ಶಾಪ್’ಗಳಲ್ಲಿ ಓಡುವುದು ಬ್ರಾಂದಿ, ವಿಸ್ಕಿ, ಬಿಯರ್. ವೈನ್ ಬಾಟಲಿ ಅಲಂಕಾರದ ಹಾಗೆ ಮೇಲಿನ ಸಾಲಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಒಂದು ಈಸ್ಟರ್‌ಗೆ ನಾನು ತಂದ ಕೆಂಪು ವೈನ್ ಪಡುವಣ ಬಿಸಿಲು ಬೀಳುವ ಕಪಾಟಿನದ್ದು. ಮನೆಗೆ ಬಂದು ನೋಡಿದರೆ ಕಾರ್ಕ್ ಒಂದು ಎಳ್ಳಷ್ಟು ಮೇಲೆದ್ದಿತ್ತು, ಕತ್ತು ಅಂಟಂಟು. ಗ್ಲಾಸಿಗೆ ಸುರಿದಾಗ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಬಿಸಿಗೆ ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ತಳ್ಳಿತ್ತು. ಅಂದಿನಿಂದ ಮೊದಲು ಬಾಟಲಿ ಎಲ್ಲಿ ನಿಂತಿದೆ ನೋಡುತ್ತೇನೆ, ಆಮೇಲೆ ಹೆಸರು. ಏಸಿ ಇರುವ, ವೈನ್ ಚೆನ್ನಾಗಿ ಖರ್ಚಾಗುವ ಅಂಗಡಿ ಹುಡುಕಿ. ‘ಒಳಗಿಂದ ಒಂದು ಕೊಡಿ’ ಎಂದು ಧೈರ್ಯವಾಗಿ ಕೇಳಿ. ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಈ ದರದ ಬಿಳಿ ವೈನ್ ಹಳೆಯದಾದಷ್ಟೂ ಸಪ್ಪೆ, ಹೋದ ವರ್ಷದ್ದೋ ಅದರ ಹಿಂದಿನದ್ದೋ ಸಾಕು.

ಮನೆಯಲ್ಲಿ ಫ್ರಿಜ್ಜಿನ ಮೇಲೆ ಇಡಬೇಡಿ, ಅಲ್ಲಿ ಬಿಸಿ ಜಾಸ್ತಿ. ಬಿಳಿ ವೈನ್ ಮೂರು ಗಂಟೆ ಫ್ರಿಜ್ಜಿನೊಳಗಿರಲಿ. ಕೆಂಪು ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು ಎನ್ನುವುದು ಚಳಿ ದೇಶದವರ ಮಾತು, ಅವರ ಲೆಕ್ಕ 16ರಿಂದ 18 ಡಿಗ್ರಿ. ನಮ್ಮ ರೂಮು ಏಪ್ರಿಲ್‌ನಲ್ಲಿ 32 ದಾಟುತ್ತದೆ. ಆ ಬಿಸಿಯಲ್ಲಿ ಹಣ್ಣಿನ ಪರಿಮಳಕ್ಕಿಂತ ಮೊದಲು ಸ್ಪಿರಿಟ್ ಮೂಗಿಗೆ ಹೊಡೆಯುತ್ತದೆ. ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಚಿಕನ್ ಘೀ ರೋಸ್ಟ್ ಮಾಡಿದ ದಿನ ಹಾಗೆ ತಣ್ಣಗಾದ ಕೆಂಪು ವೈನನ್ನು ಇನ್ನೊಮ್ಮೆ ಪ್ರಯತ್ನಿಸಿ.

ಗ್ಲಾಸ್ ಯಾವುದಾದರೂ ಆದೀತು, ಸ್ಟೀಲ್ ಲೋಟ ಬೇಡ. ಮೂರನೇ ಒಂದು ಭಾಗ ಮಾತ್ರ ಹಾಕಿ, ಪರಿಮಳಕ್ಕೆ ಜಾಗ ಬೇಕು. 750 ಎಂಎಲ್ ಬಾಟಲಿಯಲ್ಲಿ ಐದು ಗ್ಲಾಸ್ ಆಗುತ್ತದೆ, ಒಂದೇ ದಿನ ಮುಗಿಸಬೇಕೆಂದಿಲ್ಲ. ಉಳಿದದ್ದನ್ನು ತೊಳೆದು ಒಣಗಿಸಿದ ಚಿಕ್ಕ ಬಾಟಲಿಗೆ ಕುತ್ತಿಗೆವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಗಾಳಿ ಕಡಿಮೆ ಇದ್ದಷ್ಟು ವೈನ್ ಕೆಡುವುದು ನಿಧಾನ, ಮೂರು ದಿನಕ್ಕೆ ತೊಂದರೆಯಿಲ್ಲ.

ಈ ಭಾನುವಾರ ಬಂಗುಡೆ ಫ್ರೈ ಮಾಡಿದರೆ ತಣ್ಣಗಿನ ಶೆನಾ ಬ್ಲಾಂ ಮೊದಲು ಬರೇ ಒಂದು ಗುಟುಕು ಕುಡಿಯಿರಿ. ಮತ್ತೆ ಮಸಾಲೆ ಹತ್ತಿದ ಒಂದು ತುಂಡು ಮೀನು ತಿಂದು, ಇನ್ನೊಂದು ಗುಟುಕು. ಎರಡನೆಯದು ಹೇಗಿತ್ತು ಎಂದು ಖಂಡಿತ ತಿಳಿಸಿ, ಮುಂದೆ ಯಾವುದು ತಗೊಳ್ಳಬಹುದು ಎಂದು ಅದನ್ನು ನೋಡಿಕೊಂಡು ಹೇಳುತ್ತೇನೆ.