ಸಿಹಿ ಮಾತಿನವರ ಮೇಲೆ ಯಾರೂ ಯಾಕೆ ದೂರು ಬರೆಯುವುದಿಲ್ಲ?

ಹಾಸನದ ಓದುಗಿಯೊಬ್ಬರ ಪತ್ರ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕಿ. ನಾಲ್ಕು ಪುಟ ಬರೆದಿದ್ದಾರೆ. ಸಾರ ಇಷ್ಟು:

"ನಮ್ಮ ಸೆಕ್ಷನ್‌ಗೆ ಬಾಗಲಕೋಟೆ ಕಡೆಯಿಂದ ಒಬ್ಬ ಮಹಿಳಾ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ವರ್ಗವಾಗಿ ಬಂದಿದ್ದಾರೆ. ಪತಿ-ಪತ್ನಿ ಪ್ರಕರಣದ ವರ್ಗಾವಣೆ, ಗಂಡ ಕೆಲಸ ಮಾಡುವ ಕಡೆಗೆ. ಬೆಳಿಗ್ಗೆ ಬಂದರೆ ಒಂದು ನಮಸ್ಕಾರ ಇಲ್ಲ, ನಗು ಇಲ್ಲ. ಮಧ್ಯಾಹ್ನ ಒಬ್ಬರೇ ಊಟ ಮಾಡುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಏನು ಕೇಳಿದರೂ 'ಸರಿ' ಅಥವಾ 'ಇಲ್ಲ', ಅಷ್ಟೇ. ನಾನು ಬರೆದ ಗಳಿಕೆ ರಜೆ ನಗದೀಕರಣದ (ಉಳಿದ ರಜೆಗೆ ದುಡ್ಡು ಪಡೆಯುವ) ಟಿಪ್ಪಣಿಯನ್ನು ಎಲ್ಲರೆದುರು ಎತ್ತಿ ಹಿಡಿದು 'ಇದೇನ್ ಬರದೀರಿ? ತಲಿ ಇಲ್ಲ, ಬುಡ ಇಲ್ಲ' ಎಂದರು. ಅವರಿಗೆ ಮೇಲಿನವರ ಬೆಂಬಲ ಇದೆ, ಅದಕ್ಕೇ ಈ ಸೊಕ್ಕು ಎಂದು ನಮ್ಮ ಡಿ ಗ್ರೂಪ್ ಹುಡುಗ ಹೇಳಿದ. ಅವತ್ತಿನಿಂದ ಮಾತು ಬಿಟ್ಟಿದ್ದೇನೆ. ಸಾಹೇಬರಿಗೆ ದೂರು ಕೊಡಲೇ? ಇಂಥವರ ಜೊತೆ ಕೆಲಸ ಮಾಡುವುದು ಹೇಗೆ?"

ನಿಮ್ಮ ಪಾಲಿನ ನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೆದುರು ಹಾಗೆ ಹೇಳಬಾರದಿತ್ತು. ಟಿಪ್ಪಣಿಯಲ್ಲಿ ತಪ್ಪಿದ್ದರೆ ನಿಮ್ಮ ಟೇಬಲ್‌ಗೆ ಬಂದು ತೋರಿಸಬಹುದಿತ್ತು. ಅವಮಾನ ಆದವರಿಗೇ ಗೊತ್ತು ಅದರ ಉರಿ. ನೀವು ಮನೆಗೆ ಹೋಗಿ ಅತ್ತಿದ್ದೀರಿ ಎಂದು ಬರೆದಿದ್ದೀರಿ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಈಗ ನನ್ನ ಪ್ರಶ್ನೆ. ಆ ಟಿಪ್ಪಣಿ ಸರಿ ಇತ್ತಾ?

ನಾಲ್ಕು ಪುಟ ಎರಡು ಸಲ ಓದಿದೆ. ಅವರ ಸೀರೆ ಬಣ್ಣ ಇದೆ, ಧ್ವನಿ ಎಷ್ಟು ಜೋರಿತ್ತು ಎಂಬುದಿದೆ, ಯಾರ‍್ಯಾರು ನಕ್ಕರು ಎಂಬುದೂ ಇದೆ. ಟಿಪ್ಪಣಿ ಸರಿ ಇತ್ತೋ ತಪ್ಪಿತ್ತೋ ಎಂಬುದು ಮಾತ್ರ ಎಲ್ಲೂ ಇಲ್ಲ. ಗಳಿಕೆ ರಜೆಯ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಜನವರಿಗೆ 15, ಜುಲೈಗೆ 15 ಜಮೆ ಆಗಬೇಕು, ಬಳಸಿದ್ದು ಕಳೆಯಬೇಕು, ಸೇವಾ ಪುಸ್ತಕದಲ್ಲಿ ಅದು ಏರಿರಬೇಕು. ಒಂದು ದಿನ ಹೆಚ್ಚು ಬರೆದು ದುಡ್ಡು ಕೊಟ್ಟರೆ ನಾಳೆ ಆಡಿಟ್‌ನವರು ವಸೂಲಿ ಹಾಕುತ್ತಾರೆ. ಆಗ ಯಾರ ಹೆಸರು ಬರುತ್ತದೆ? ಟಿಪ್ಪಣಿ ಬರೆದ ನಿಮ್ಮದೂ ಬರುತ್ತದೆ, ಮುಂದಕ್ಕೆ ಕಳಿಸಿದ ಅವರದೂ ಬರುತ್ತದೆ. ಅವರು ನಗುನಗುತ್ತಾ ಸಹಿ ಹಾಕಿ ಕಳಿಸಿದ್ದರೆ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ, ಅಲ್ವಾ?

ಇದು ನನ್ನ ಹಳೆಯ ತಕರಾರು, ಈ ಪುಟ ಓದುವವರಿಗೆ ಗೊತ್ತು. ಕಚೇರಿಯ ಒರಟು ಬಾಯಿಯವರ ಬಗ್ಗೆ ನಮಗೆ ಕಾಗದ ಬರುತ್ತಲೇ ಇರುತ್ತವೆ. ಸಿಹಿ ಮಾತಾಡಿ ಕೆಲಸ ಕೆಡಿಸುವವರ ಬಗ್ಗೆ ಒಂದೂ ಬರುವುದಿಲ್ಲ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಪ್ರೂಫ್ ರೀಡರ್ ಇದ್ದರು. ಗ್ಯಾಲಿ (ಅಚ್ಚಿನ ಕರಡು) ಕೈಗೆ ಕೊಟ್ಟರೆ ತಲೆ ಎತ್ತುತ್ತಿರಲಿಲ್ಲ. ತಪ್ಪು ಜಾಸ್ತಿ ಇದ್ದರೆ ಹಾಳೆಯನ್ನು ನಮ್ಮ ಕಡೆ ತಳ್ಳಿ, "ಬರೆದಾದ ಮೇಲೆ ಓದುವ ಅಭ್ಯಾಸ ಇದೆಯೇನ್ರೀ?" ಎನ್ನುತ್ತಿದ್ದರು. ಹೊಸಬರೆಲ್ಲ ಅವರನ್ನು ಕಂಡರೆ ಉರಿದು ಬೀಳುತ್ತಿದ್ದೆವು. ಮನೆಯಲ್ಲಿ ಏನೋ ಕಷ್ಟ ಇರಬೇಕು ಎಂದು ಒಬ್ಬ, ಪ್ರಮೋಷನ್ ತಪ್ಪಿದ ಸಿಟ್ಟು ಎಂದು ಇನ್ನೊಬ್ಬ. ಎಲ್ಲ ಸುಳ್ಳು. ಅವರ ಹಿಂದೆ ಯಾವ ದುಃಖದ ಕಥೆಯೂ ಇರಲಿಲ್ಲ. ಮನುಷ್ಯ ಇದ್ದದ್ದೇ ಹಾಗೆ. ಆದರೆ ಒಂದು ವಿಷಯ ನಿಧಾನಕ್ಕೆ ಕಣ್ಣಿಗೆ ಬಿತ್ತು. ಸಂಪಾದಕೀಯದ ಪ್ರೂಫ್ ಬಂದಾಗಲೂ ಅವರು ಸಂಪಾದಕರ ಕಡೆ ಹಾಳೆಯನ್ನು ಹಾಗೇ ತಳ್ಳುತ್ತಿದ್ದರು. ಅದೇ ಪ್ರಶ್ನೆ, ಅದೇ ಧ್ವನಿ. ಹೊಸಬರಿಗೊಂದು ಬಾಯಿ, ಸಂಪಾದಕರಿಗೊಂದು ಬಾಯಿ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಅದೇ ಕಚೇರಿಯಲ್ಲಿ ಇನ್ನೊಬ್ಬರಿದ್ದರು. ಎಲ್ಲರಿಗೂ ಅಣ್ಣ, ಎಲ್ಲರ ಹೆಗಲ ಮೇಲೂ ಕೈ. ನಮ್ಮ ವರದಿಗಳನ್ನು "ಭೇಷ್" ಎಂದು ಹೊಗಳಿ ಡ್ರಾಯರ್‌ನಲ್ಲಿಟ್ಟು ಮರೆಯುತ್ತಿದ್ದರು. ಸಾಹೇಬರು ಬಂದರೆ ಎದ್ದು ನಿಲ್ಲುತ್ತಿದ್ದರು. ಟೀ ತರುವವನಿಗೆ ಮಾತ್ರ "ಲೋ". ಹೇಳಿ, ಇವರಲ್ಲಿ ಒರಟರು ಯಾರು?

ನಿಮ್ಮ ಸಹೋದ್ಯೋಗಿಗೂ ಇದೊಂದು ಪರೀಕ್ಷೆ ಇಟ್ಟು ನೋಡಿ. ಸಾಹೇಬರ ಮುಂದೆ ಅವರ ಧ್ವನಿ ಹೇಗಿರುತ್ತದೆ? ಕೆಳಗಿನವರ ಹತ್ತಿರ ಹೇಗಿರುತ್ತದೆ? ಮೇಲೆ ಬೆಣ್ಣೆ, ಕೆಳಗೆ ಬೆಂಕಿ ಎಂದಾದರೆ ನಿಮ್ಮ ಮಾತು ನಾನು ಪೂರ್ತಿ ಒಪ್ಪುತ್ತೇನೆ. ಎರಡೂ ಕಡೆ ಒಂದೇ ಆಗಿದ್ದರೆ ಅವರು ನೇರ ಮಾತಿನ ಮನುಷ್ಯರು, ಅಷ್ಟೇ. ಸಾಹೇಬರಿಗೆ ದೂರು ಕೊಡಲೇ ಎಂದು ಕೇಳುತ್ತೀರಿ. ಅವರು ಸಾಹೇಬರಿಗೂ ಹಾಗೇ ಮಾತಾಡುವವರಾದರೆ ಆ ದೂರಿಗೆ ಏನು ಅರ್ಥ?

ಇನ್ನು ಊರಿನ ವಿಷಯ. ಬಾಗಲಕೋಟೆಯವರು ಎಂದು ಪತ್ರದಲ್ಲಿ ನಾಲ್ಕೈದು ಕಡೆ ಬರೆದಿದ್ದೀರಿ. ಸುಮ್ನೆ ಬರೆದದ್ದಲ್ಲ ಅದು, ಅಲ್ಲೇ ಇದೆ ನಿಮ್ಮ ಅರ್ಧ ಸಿಟ್ಟು. ನಮ್ಮ ರಾಜ್ಯ ಒಂದಾಗಿದ್ದು 1956ರ ನವೆಂಬರ್ 1ಕ್ಕೆ. ಹಳೆಯ ಮೈಸೂರು, ಮುಂಬೈ ಪ್ರಾಂತ್ಯದ ನಾಲ್ಕು ಜಿಲ್ಲೆ, ಹೈದರಾಬಾದಿನ ಮೂರು ಜಿಲ್ಲೆ, ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು. ಐದು ಆಡಳಿತಗಳಿಂದ ಬಂದ ಗುಮಾಸ್ತರು ಒಂದೇ ಸರ್ಕಾರದ ಕುರ್ಚಿಗಳಲ್ಲಿ ಕೂತರು. ಕಡತ ಕಟ್ಟುವ ರೀತಿ ಬೇರೆ, ಸಾಹೇಬರನ್ನು ಕರೆಯುವ ರೀತಿ ಬೇರೆ, ಜಗಳ ಆಡುವ ರೀತಿಯೂ ಬೇರೆ. ನಿಯಮಗಳು ಕಾಲಕ್ರಮೇಣ ಒಂದಾದವು. ಮಾತು ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ನಿಮ್ಮ ಕಡೆ ಕೆಲಸ ಆಗುವುದಿಲ್ಲ ಎಂದು ಹೇಳಲು "ನೋಡೋಣ ಬಿಡಿ" ಎನ್ನುತ್ತಾರೆ. ಕೃಷ್ಣೆಯ ದಂಡೆಯಲ್ಲಿ "ಆಗಂಗಿಲ್ರಿ" ಎಂದುಬಿಡುತ್ತಾರೆ. ನಿಮ್ಮದು ಮರ್ಯಾದೆ, ಅವರದು ಸೊಕ್ಕು ಎಂದು ತೀರ್ಪು ಕೊಟ್ಟವರು ಯಾರು? ಅವರೂ ಈಗ ಬೇರೊಂದು ಪತ್ರಿಕೆಗೆ ಕಾಗದ ಬರೆಯುತ್ತಿರಬಹುದು. "ಹಾಸನಕ್ಕೆ ಬಂದೇನಿ. ಇಲ್ಲಿ ಮಂದಿ ನಕ್ಕೋತ ಇರ್ತಾರ, ಆದ್ರ ಮಾತಾಡಂಗಿಲ್ಲ. ಒಬ್ರೂ ಊಟಕ್ಕ ಬರ್ರಿ ಅಂದಿಲ್ಲ." ನೀವು ಅಂದಿದ್ದೀರಾ?

ಒಬ್ಬರೇ ಕೂತು ಊಟ ಮಾಡುವುದಕ್ಕೆ ಮನುಷ್ಯರಿಗೆ ನೂರು ಕಾರಣ ಇರುತ್ತವೆ. ಹೊಸ ಊರು. ಡಬ್ಬಿಯಲ್ಲಿ ದಿನಾ ರೊಟ್ಟಿ, ನೋಡಿ ಯಾರಾದರೂ ಏನಾದರೂ ಅಂದಾರು ಎಂಬ ಸಂಕೋಚ. ಫೋನಿನಲ್ಲಿ ಮಗುವಿನ ಜೊತೆ ಮಾತು. ಅಥವಾ ಸುಮ್ಮನೆ ಅರ್ಧ ಗಂಟೆ ಯಾರ ಮುಖವನ್ನೂ ನೋಡದೆ ಇರುವ ಆಸೆ. ಅದನ್ನಂತೂ ನಾನು ಚೆನ್ನಾಗಿ ಬಲ್ಲೆ. ನೀವು ಹಿಡಿದುಕೊಂಡದ್ದು ಒಂದೇ ಕಾರಣ, ಸೊಕ್ಕು.

ವಾಟ್ಸಾಪ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು ಇಮೇಲ್ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವು ವಾಕ್ಯಗಳು ವ್ಯಂಗ್ಯದ್ದು, ಕೆಲವು ಗಂಭೀರ. ಓದಿದವರಿಗೆ ಯಾವುದು ಯಾವುದೆಂದು ನೂರಕ್ಕೆ 78ರಷ್ಟು ಗೊತ್ತಾಗುತ್ತದೆ ಎಂದು ಕಳಿಸಿದವರು ನಂಬಿದ್ದರು. ಧ್ವನಿಯಲ್ಲಿ ಕೇಳಿದವರಿಗೆ ಹೆಚ್ಚುಕಮ್ಮಿ ಹಾಗೇ ಗೊತ್ತಾಯಿತು. ಬರಹದಲ್ಲಿ ಓದಿದವರು ಸರಿಯಾಗಿ ಹೇಳಿದ್ದು 56ರಷ್ಟು ಮಾತ್ರ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು! ಇಮೇಲ್‌ನಲ್ಲಿ ಪೂರ್ತಿ ವಾಕ್ಯ ಇರುತ್ತದೆ. ನೀವು 'ಸರಿ' ಎಂಬ ಎರಡಕ್ಷರ ಇಟ್ಟುಕೊಂಡು ಒಬ್ಬ ಹೆಂಗಸಿನ ಇಡೀ ಸ್ವಭಾವ ಬರೆದಿದ್ದೀರಿ. ಪಕ್ಕದ ಟೇಬಲ್‌ಗೆ ಹತ್ತು ಹೆಜ್ಜೆ. ಅಷ್ಟು ದೂರ ಎದ್ದು ಹೋಗುವ ಬದಲು ಗ್ರೂಪಿನಲ್ಲಿ ಬರೆದು, ನೀಲಿ ಗೆರೆ ಬಿತ್ತೋ ಇಲ್ಲವೋ ಎಂದು ಕಾಯುತ್ತೇವೆ. ರಾತ್ರಿ ಹತ್ತಕ್ಕೆ 'ನಾಳೆ ಮೀಟಿಂಗ್ ಮಾಹಿತಿ ಕೂಡಲೇ' ಎಂದು ಸಾಹೇಬರು ಬರೆದರೆ ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಾರೆ. ಅದನ್ನು ಯಾರೂ ಒರಟುತನ ಎನ್ನುವುದಿಲ್ಲ.

ಅದೇಕೆ ಎನ್ನುವುದಿಲ್ಲ? 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೀ ರಾಸ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ಕೂರಿಸಿ ಕ್ವಿಜ್ ಆಡಿಸಿದರು. ಯಾರು ಪ್ರಶ್ನೆ ಕೇಳಬೇಕು, ಯಾರು ಉತ್ತರ ಹೇಳಬೇಕು ಎಂಬುದನ್ನು ಅದೃಷ್ಟಕ್ಕೆ ಬಿಟ್ಟಿದ್ದರು. ಪ್ರಶ್ನೆ ಕೇಳುವವರು ತಮಗೆ ಗೊತ್ತಿದ್ದನ್ನೇ ಕೇಳಬಹುದಿತ್ತು, ಹಾಗಾಗಿ ಎದುರಿನವರು ತಡವರಿಸಿದರು. ಕೊನೆಗೆ ನೋಡುತ್ತಿದ್ದವರನ್ನು ಕೇಳಿದರೆ, ಪ್ರಶ್ನೆ ಕೇಳಿದವರೇ ಜಾಸ್ತಿ ತಿಳಿದವರು ಎಂದರು. ಉತ್ತರ ಹೇಳಿದವರೂ ಹಾಗೇ ಅಂದುಕೊಂಡರು! ಕುರ್ಚಿ ಕೊಟ್ಟ ಅನುಕೂಲವನ್ನು ಮನುಷ್ಯನ ಗುಣ ಎಂದು ಓದಿದರು. ನಮ್ಮ ಕಚೇರಿಗಳಲ್ಲಿ ದಿನವೂ ಇದೇ ಆಟ. ಸಾಹೇಬರು ಕಡತ ಎಸೆದರೆ "ಸ್ಟ್ರಿಕ್ಟ್ ಆಫೀಸರ್". ಎಫ್‌ಡಿಎ ಕಡತ ವಾಪಸ್ ಕೊಟ್ಟರೆ "ಸೊಕ್ಕು". ಅದೂ ಹೆಂಗಸಾದರೆ ಸೊಕ್ಕಿನ ಜೊತೆ "ಮೇಲಿನವರ ಬೆಂಬಲ" ಎಂಬ ಗುಸುಗುಸು ಬೇರೆ. ನೀವೂ ಹೆಣ್ಣುಮಗಳು. ಈ ಗುಸುಗುಸು ಎಲ್ಲಿಂದ ಹುಟ್ಟುತ್ತದೆ, ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾ? ನಾಳೆ ಅದು ನಿಮ್ಮ ಕುರ್ಚಿಗೂ ಬರುತ್ತದೆ.

ಕಚೇರಿಯ ಸಣ್ಣಪುಟ್ಟ ಒರಟುತನದ ಬಗ್ಗೆ 1999ರಲ್ಲಿ ಲಿನ್ ಆಂಡರ್ಸನ್ ಮತ್ತು ಕ್ರಿಸ್ಟೀನ್ ಪಿಯರ್ಸನ್ ಒಂದು ಲೇಖನ ಬರೆದರು. ಈ ಬಗೆಯ ವರ್ತನೆಯಲ್ಲಿ ನೋಯಿಸುವ ಉದ್ದೇಶ ಇತ್ತೋ ಇಲ್ಲವೋ ಎಂಬುದೇ ಸ್ಪಷ್ಟವಿರುವುದಿಲ್ಲ ಎಂದರು. ಸ್ಪಷ್ಟವಿಲ್ಲದ ಜಾಗದಲ್ಲಿ ನಾವು ಕೆಟ್ಟದ್ದನ್ನೇ ತುಂಬಿಕೊಂಡು, ಸ್ವಲ್ಪ ಹೆಚ್ಚು ಒರಟಾಗಿ ವಾಪಸ್ ಕೊಡುತ್ತೇವೆ. ಅವರು ಇನ್ನೂ ಸ್ವಲ್ಪ ಹೆಚ್ಚು. ಹೀಗೇ ಏರುತ್ತದೆ. ನೀವು ಮಾತು ಬಿಟ್ಟಿದ್ದು ಇದರಲ್ಲಿ ಎರಡನೇ ಮೆಟ್ಟಿಲು.

ಒಂದು ಗೆರೆ ಮಾತ್ರ ಇಲ್ಲೇ ಎಳೆಯಬೇಕು, ಬೇರೆ ಓದುಗರು ತಪ್ಪು ತಿಳಿಯಬಾರದು. ಅಸಭ್ಯ ಮಾತು, ಮುಟ್ಟುವುದು, ರಾತ್ರಿ ಸಂದೇಶ ಕಳಿಸಿ ಕಾಡುವುದು, ಇವು ಒರಟುತನದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿದೆ. ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಎತ್ತಿ ಹಂಗಿಸಿದರೆ ಅದಕ್ಕೂ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅಲ್ಲಿ "ಅರ್ಥ ಮಾಡಿಕೊಳ್ಳಿ, ಹೊಂದಿಕೊಳ್ಳಿ" ಎಂದು ಉಪದೇಶ ಮಾಡುವವರ ಮಾತು ಕೇಳಬೇಡಿ. ನಾನೂ ಮಾಡುವುದಿಲ್ಲ.

ಮತ್ತೆ ಸಿಹಿ ಮಾತಿಗೆ ಬರುತ್ತೇನೆ, ಬಿಡಲಾರೆ. ಒಂದು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅಲೆದೆ. ಅಲ್ಲಿನ ಕೇಸ್ ವರ್ಕರ್ ಅಷ್ಟು ಒಳ್ಳೆಯ ಮನುಷ್ಯ. "ಬನ್ನಿ ಸಾರ್, ಕೂತ್ಕೊಳ್ಳಿ ಸಾರ್, ನಿಮ್ ಪತ್ರಿಕೆ ನಮ್ಮನೇಲಿ ಎಲ್ಲರೂ ಓದ್ತಾರೆ." ಕಾಫಿ ಬರುತ್ತಿತ್ತು, ಖಾತೆ ಬರುತ್ತಿರಲಿಲ್ಲ. ಸರ್ವರ್ ಇಲ್ಲ, ಸಾಹೇಬರು ಮೀಟಿಂಗ್, ಸೋಮವಾರ ಖಂಡಿತ. ಅಷ್ಟರಲ್ಲಿ ಅವರಿಗೆ ವರ್ಗವಾಯಿತು. ಬಂದ ಹೊಸ ಹೆಣ್ಣುಮಗಳು ನನ್ನ ಮುಖ ಕೂಡ ನೋಡಲಿಲ್ಲ. ಕಡತ ತಿರುವಿ, "ಇದ್ರಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ಇಲ್ಲ. ಇಲ್ದೆ ಹೆಂಗ್ ಆಗುತ್ತೆ? ತಂದು ಕೊಟ್ಟು ಹೋಗಿ" ಎಂದರು. ತಂದು ಕೊಟ್ಟೆ, ಆಯಿತು. ಇಷ್ಟು ದಿನ ಅದೊಂದು ಕಾಗದ ಬೇಕು ಎಂದು ಹೇಳುವ ಒರಟುತನ ಆ ಒಳ್ಳೆಯ ಮನುಷ್ಯನಿಗೆ ಇರಲಿಲ್ಲ ನೋಡಿ.

ತಡ ಮಾಡಿದರೆ ಶಿಕ್ಷೆ ಎಂದು ಸಕಾಲ ಕಾಯ್ದೆ ತಂದರು, 2011ರಲ್ಲಿ. ಮರುವರ್ಷ ರಾಜ್ಯವೆಲ್ಲ ಜಾರಿ. ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ತಪ್ಪಿತಸ್ಥ ನೌಕರರ ಸಂಬಳದಿಂದ. ಒಳ್ಳೆಯದೇ. ಆದರೆ ಆ 20 ರೂಪಾಯಿ ಕೇಳಿದವರು ನಿಮ್ಮ ಕೌಂಟರಿಗೆ ಎಷ್ಟು ಜನ ಬಂದಿದ್ದಾರೆ ಹೇಳಿ? ನಗುತ್ತಾ "ನಾಳೆ ಬನ್ನಿ" ಎಂದವರ ಮೇಲೆ ದೂರು ಕೊಡಲು ನಮಗೆ ನಾಚಿಕೆ. ಪಾಪ, ಒಳ್ಳೆಯ ಮನುಷ್ಯ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಮುದುಕ ಅದೇ ಬಸ್ಸಿಗೆ ವಾಪಸ್ ಹೋಗುತ್ತಾನೆ.

ಇನ್ನೊಂದು ಮಾತು. "ನಮ್ಮ ಡಿ ಗ್ರೂಪ್ ಹುಡುಗ" ಎಂದಿದ್ದೀರಿ. ಆತ ಬಂದು ಹದಿನೈದು ವರ್ಷ ಆಗಿದೆ ಎಂದೂ ನೀವೇ ಬರೆದಿದ್ದೀರಿ. ಹದಿನೈದು ವರ್ಷವಾದರೂ ಹುಡುಗನೇನಮ್ಮ? ಕಸ ಗುಡಿಸುವ ಹೊರಗುತ್ತಿಗೆಯವರ ಹೆಸರು ನಿಮ್ಮ ಸೆಕ್ಷನ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರ ಸಂಬಳ ಏಜೆನ್ಸಿಯಿಂದ ಯಾವಾಗ ಬರುತ್ತದೆ ಎಂದು ಯಾರಾದರೂ ಕೇಳಿದ್ದೀರಾ? ಅವರಿಗೆ ಯಾರೂ ಗುಡ್ ಮಾರ್ನಿಂಗ್ ಹೇಳುವುದಿಲ್ಲ. ಅವರು ಯಾವ ಪತ್ರಿಕೆಗೂ ಕಾಗದ ಬರೆದಿಲ್ಲ.

ಬೈದೆ ಎಂದು ಬೇಸರ ಬೇಡ. ನಿಮ್ಮ ಬರವಣಿಗೆ ಚೆನ್ನಾಗಿದೆ, ಕಣ್ಣು ಚುರುಕು. ಆ ಚುರುಕು ಟಿಪ್ಪಣಿ ಮೇಲೂ ಇರಲಿ ಎಂದಷ್ಟೇ ಆಸೆ. ನಾಳೆ ಆ ಕಡತ ಹಿಡಿದು ಅವರ ಟೇಬಲ್‌ಗೆ ಹೋಗಿ. "ಮೇಡಂ, ತಪ್ಪು ಎಲ್ಲಿದೆ ತೋರಿಸಿ. ತೋರಿಸಿದ್ದಕ್ಕೆ ಬೇಜಾರಿಲ್ಲ, ಎಲ್ಲರೆದುರು ಅಂದಿದ್ದಕ್ಕೆ ಬೇಜಾರಾಯಿತು" ಎಂದು ಅವರ ಹಾಗೇ ನೇರವಾಗಿ ಹೇಳಿ. ನೇರ ಮಾತಿನವರಿಗೆ ನೇರ ಮಾತು ಬೇಗ ಅರ್ಥವಾಗುತ್ತದೆ. ಆಮೇಲೂ ಎಲ್ಲರೆದುರು ಹಂಗಿಸಿದರೆ ಖಂಡಿತ ದೂರು ಕೊಡಿ. ದೂರಿನಲ್ಲಿ ತಾರೀಕು, ಅಂದ ಮಾತು, ಎದುರಿಗಿದ್ದವರ ಹೆಸರು ಇರಲಿ. ಸೊಕ್ಕು, ಜಂಭ, ಮೇಲಿನವರ ಬೆಂಬಲ ಇವೆಲ್ಲ ಬೇಡ. ಡಿ ಗ್ರೂಪ್‌ನವರ ಹೆಸರನ್ನೂ ಎಳೆಯಬೇಡಿ, ಮೊದಲು ಹೊಡೆತ ಬೀಳುವುದು ಅವರಿಗೇ.

ಪತ್ರದ ಜೊತೆ ಕಳಿಸಿದ ವಾಟ್ಸಾಪ್ ಚಿತ್ರಗಳನ್ನು ಪ್ರಕಟಿಸಿಲ್ಲ. ಅದರಲ್ಲಿ ಅವರ ಫೋನ್ ನಂಬರ್ ಇತ್ತು, ಹರಿದು ಹಾಕಿದ್ದೇವೆ.

– ಸಂ.